ಕೊಟ್ಟವ ಕೋಡಂಗಿ, ಇಳಿಸಿಕೊಂಡವ ಈರಭದ್ರ

ಬಾಗಲಕೋಟೆ ಕಡೆಯ ಮಂದಿ ಹಾಡಿಗೆ ರೊಕ್ಕ ಬಿಚ್ಚುವುದಿಲ್ಲ ಎಂದು ಸಂಗೀತ ಕಂಪನಿಗಳು ಗೊಣಗುವುದು ಶುದ್ಧ ಅನ್ಯಾಯ. ವಿದ್ಯಾಗಿರಿಯ ಯಾವ ಕ್ರಾಸಿಗಾದರೂ ಬಂದು ನೋಡಲಿ. ಇಲ್ಲಿ ಒಬ್ಬೊಬ್ಬನೂ ಹಾಡಿಗಾಗಿ ತಿಂಗಳು ತಿಂಗಳು ಖರ್ಚು ಮಾಡುತ್ತಾನೆ. ಹಾಡು ಕೇಳುವ ಫೋನಿಗೆ ಕಂತು ಕಟ್ಟುತ್ತಾನೆ. ಹಾಡು ಇಳಿದು ಬರುವ ಡೇಟಾಕ್ಕೆ ರೀಚಾರ್ಜ್ ಮಾಡಿಸುತ್ತಾನೆ. ಇಯರ್‌ಬಡ್ಸಿನಲ್ಲಿ ಒಂದು ಬಸ್ಸಿನಲ್ಲಿ ಬಿದ್ದುಹೋದರೆ ಜೋಡಿಯನ್ನೇ ಹೊಸದಾಗಿ ತರುತ್ತಾನೆ. ಫೋನು ಮಾಡಿದ ಕಂಪನಿ, ಟವರ್ ನಿಲ್ಲಿಸಿದ ಕಂಪನಿ, ಸ್ಪೀಕರ್ ಮಾಡಿ ಕಳಿಸಿದ ಚೀನಾದವರು, ಚಾರ್ಜಿಂಗಿನ ಲೆಕ್ಕ ಇಡುವ ಹೆಸ್ಕಾಂ, ಎಲ್ಲರಿಗೂ ಸಂದಾಯವಾಗಿದೆ. ಹಾಡು ಬರೆದವನು, ರಾಗ ಹಾಕಿದವನು, ಹಾಡಿದವಳು, ಈ ಮೂವರದಷ್ಟೇ ಬಾಕಿ. ಇಷ್ಟು ಜನರಿಗೆ ಕೊಟ್ಟವನು ಮೂವರನ್ನು ಮರೆತರೆ ಅದನ್ನು ಕಳ್ಳತನ ಅನ್ನುವುದೇ? ಕಣ್ತಪ್ಪು ಅನ್ನಬೇಕಪ್ಪ.

ನಂಬಿಕೆ ಬಾರದವರು ಕಬ್ಬಿನ ಹಂಗಾಮಿನಲ್ಲಿ ಬೀಳಗಿ, ಮುಧೋಳದ ರಸ್ತೆಯಲ್ಲಿ ಹೋಗಿ ನಿಲ್ಲಬೇಕು. ದೂರದಲ್ಲಿ ಎದೆ ನಡುಗಿಸುವ ಸದ್ದು ಬರುತ್ತದೆ. ಆಮೇಲೆ ಬೆಳಕು ಕಾಣುತ್ತದೆ. ಎಲ್ಲಕ್ಕೂ ಕಡೆಗೆ ಟ್ರ್ಯಾಕ್ಟರ್ ಕಾಣುತ್ತದೆ. ಮುಂದೆ ಬಣ್ಣಬಣ್ಣದ ಗೊಂಡೆ, ಮಡ್‌ಗಾರ್ಡಿನ ಮೇಲೆ ಎರಡು ದೊಡ್ಡ ಬಾಕ್ಸು, ಸೀಟಿನ ಹಿಂದೆ ಇನ್ನೆರಡು, ಸೀಟಿನ ಅಡಿಯಲ್ಲಿ ಆಂಪ್ಲಿಫೈಯರು, ಅದರ ಸುತ್ತ ನೀಲಿ ಕೆಂಪು ಎಲ್‌ಇಡಿ ಪಟ್ಟಿ. ಡ್ರೈವರ್ ಕೂಡ್ರಲು ಉಳಿದ ಜಾಗ ಬಹಳ ಕಡಿಮೆ. ಈ ಸಂಭ್ರಮದ ನಡುವೆ ಕೆಂಪು ದಾರ ಕಟ್ಟಿದ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಪೆನ್ ಡ್ರೈವ್ ಒಂದು ಸಿಕ್ಕಿಸಿಕೊಂಡಿರುತ್ತದೆ. ಚಹಾಕ್ಕೆಂದು ನಿಂತ ಒಬ್ಬ ಹುಡುಗನನ್ನು ಕೇಳಿದೆ.

“ಇದರಾಗ ಎಷ್ಟ ಹಾಡ ಅದಾವೋ ತಮ್ಮಾ?”

“ಎಂಟನೂರ ಚಿಲ್ಲರ ಅದಾವ್ರಿ ಕಾಕಾ.”

“ಎಷ್ಟ ರೊಕ್ಕ ಆತು?”

“ಪೆನ್ ಡ್ರೈವಿಗೆ ನಾಕನೂರ ರೂಪಾಯಿ ಆತ್ರಿ. ಬಾಕ್ಸಿಗೆ, ಆಂಪಿಗೆ ಕೇಳಬ್ಯಾಡ್ರಿ, ಅಪ್ಪಗ ಗೊತ್ತಾದ್ರ ಮನೀ ಬಿಟ್ಟ ಹೊರಗ ಹಾಕ್ತಾನ.”

“ಮತ್ತ ಹಾಡಿಗೆ?”

ಹುಡುಗ ನನ್ನನ್ನೇ ನೋಡಿದ. ಡೀಸೆಲ್ ಹೊಗೆಗೆ ಎಷ್ಟು ಕೊಟ್ಟಿ ಎಂದು ಕೇಳಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. “ಹಾಡ ಅದರಾಗ ಇದ್ದೂವಲ್ರೀ!” ಅಂದ.

ಪ್ರಶ್ನೆ ಮುಗಿಯಿತು. ಪೆನ್ ಡ್ರೈವ್ ಕೊಂಡರೆ ಹಾಡು ಅದರೊಳಗೆ ಇರುತ್ತದೆ, ತೆಂಗಿನಕಾಯಿ ಕೊಂಡರೆ ನೀರು ಇರುವಂತೆ. ನೀರಿಗೆ ಬೇರೆ ಬಿಲ್ಲು ಕೇಳುವವನೇ ತಲೆಕೆಟ್ಟವನು.

ವಿದ್ಯಾಗಿರಿ ಹೆಸರಿಗೆ ತಕ್ಕ ಜಾಗ. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಕಾಲೇಜುಗಳು ಇಲ್ಲಿವೆ. ಇಂಜಿನಿಯರಿಂಗ್ ಕಾಲೇಜು 1963ರದು. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಒಳಗೆ ಬಂತು, ಜನ ನವನಗರಕ್ಕೆ ಹೋದರು, ನಡುವೆ ವಿದ್ಯಾಗಿರಿ ಬೆಳೆಯಿತು. ಮುಳುಗಡೆಯ ಆ ದಿನಗಳಲ್ಲಿ ನಮ್ಮ ಮಂದಿ ಮನೆಯ ಗೋಡೆಗೆ, ಹಿತ್ತಲಿನ ಹುಣಸೆ ಗಿಡಕ್ಕೆ, ಬಾವಿಯ ಕಲ್ಲಿಗೆ ಬೆಲೆ ಕಟ್ಟಿಸಿದರು; ಸರಕಾರ ಕೊಟ್ಟದ್ದು ಸಾಲದೆಂದು ಕೋರ್ಟಿಗೆ ಹೋಗಿ ಹೆಚ್ಚಿಗೆ ತಂದರು. ಅಂಥ ಜಾಣರ ಊರು. ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಡಿನ ಪಂಚನಾಮೆಯೊಂದು ಮಾತ್ರ ಯಾಕೋ ಇವತ್ತಿನ ತನಕ ಆಗಿಲ್ಲ.

ಕಾಲೇಜು ಹುಡುಗರು ಇದ್ದಲ್ಲಿ ಮೊಬೈಲ್ ಅಂಗಡಿ, ಮೊಬೈಲ್ ಅಂಗಡಿ ಇದ್ದಲ್ಲಿ ಮೆಮರಿ ಕಾರ್ಡು. ಹದಿನೈದು ವರ್ಷದ ಹಿಂದೆ ಹಾಡು ‘ಹಾಕಿಸಿಕೊಳ್ಳುವುದು’ ಒಂದು ನಿತ್ಯಕರ್ಮ. ಎರಡು ಜಿಬಿಯ ಕಾರ್ಡು ತೆಗೆದು ಹುಡುಗನ ಕೈಗೆ ಕೊಟ್ಟರೆ ಅವನು ಕಂಪ್ಯೂಟರಿಗೆ ಸಿಕ್ಕಿಸಿ “ಏನ್ ಹಾಕ್ಲ್ರೀ ಸರ್ರ?” ಅನ್ನುತ್ತಿದ್ದ. ಪರದೆಯ ಮೇಲೆ ಫೋಲ್ಡರುಗಳು: ರಾಜಕುಮಾರ ಹಳೇವು, ಕನ್ನಡ ಹೊಸಾವು, ಹಿಂದಿ ಸ್ಯಾಡ್, ಜನಪದ, ಡಿಜೆ, ಭಕ್ತಿ, ಕೊನೆಗೆ ‘ಮಿಕ್ಸ್’. ಮಿಕ್ಸ್ ಎಂಬುದರಲ್ಲಿ ಏನಿದೆ ಎಂದು ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ, ಎಲ್ಲರೂ ಹಾಕಿಸಿಕೊಳ್ಳುತ್ತಿದ್ದರು. ಕಾರ್ಡು ತುಂಬಿದ್ದಕ್ಕೆ ನಲವತ್ತೋ ಐವತ್ತೋ ರೂಪಾಯಿ. ಚೌಕಾಶಿ ಇಲ್ಲ. ಹಾಡು ಕೆಟ್ಟಿದ್ದರೆ ಬದಲಿಸಿ ಕೊಡುವ ಗ್ಯಾರಂಟಿಯೂ ಇತ್ತು.

ಇದನ್ನು ಸ್ವಲ್ಪ ನಿಂತು ನೋಡಬೇಕು. ಜನ ಡೌನ್‌ಲೋಡಿಗೆ ದುಡ್ಡು ಕೊಡುತ್ತಾರೋ ಇಲ್ಲವೋ ಎಂದು ದೊಡ್ಡ ಕಂಪನಿಗಳು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ ವಿದ್ಯಾಗಿರಿಯ ಮಂದಿ ಸಾಲುಗಟ್ಟಿ ಕೊಡುತ್ತಿದ್ದರು. ಕೊಡುತ್ತಿದ್ದದ್ದು ಕಳ್ಳಮಾಲಿಗೆ, ಅಷ್ಟೇ. ಪುಕ್ಕಟೆ ಸಿಗುವುದನ್ನು ರೊಕ್ಕ ಕೊಟ್ಟು ಕೊಂಡ ಗಿರಾಕಿ ಜಗತ್ತಿನಲ್ಲಿ ಸಿಗುವುದು ಕಷ್ಟ. ಅವನು ಸಿಕ್ಕಿದ್ದ. ಸಂಗೀತ ಕಂಪನಿಗಳ ಸಂಘಕ್ಕೆ ತಡವಾಗಿ ಬುದ್ಧಿ ಹೊಳೆದು, ಇಂಥ ಅಂಗಡಿಗಳಿಗೆ ಲೈಸೆನ್ಸು ಕೊಟ್ಟು ಒಂದು ಪಾಲು ತೆಗೆದುಕೊಳ್ಳುವ ಯೋಜನೆಯನ್ನೂ ತಂದಿತು. ಆ ಲೈಸೆನ್ಸು ಗೋಡೆಗೆ ತೂಗುಹಾಕಿದ ಅಂಗಡಿಯನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಗೋಡೆಯ ಮೇಲೆ ಲಕ್ಷ್ಮಿಯ ಫೋಟೋ ಇತ್ತು.

ಸರಕಾರ ಸುಮ್ಮನಿರಲಿಲ್ಲ ಬಿಡಿ. ಕರ್ನಾಟಕದ್ದೊಂದು ಗೂಂಡಾ ಕಾಯ್ದೆ ಇದೆ, 1985ರದು. 2014ರಲ್ಲಿ ಅದಕ್ಕೆ ತಿದ್ದುಪಡಿ ತಂದರು. ಆಸಿಡ್ ಎರಚುವವರು, ಭೂಗಳ್ಳರು, ಕಪ್ಪುಹಣ ಬಿಳಿ ಮಾಡುವವರು, ಇವರೆಲ್ಲರ ಸಾಲಿನಲ್ಲಿ ಆಡಿಯೊ ವಿಡಿಯೊ ಕಳ್ಳರನ್ನೂ ಕೂಡ್ರಿಸಿದರು. ಇಂಥವರನ್ನು ವರ್ಷದ ತನಕ ಮುಂಜಾಗ್ರತೆಗೆಂದು ಒಳಗಿಡಬಹುದು. ಇದಲ್ಲದೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದ ದಂಡ ಬೇರೆ. ಕಾನೂನನ್ನು ಅಕ್ಷರಕ್ಕೆ ಅಕ್ಷರ ನಡೆಸಿದರೆ ‘ಮಿಕ್ಸ್’ ಫೋಲ್ಡರಿನ ಆ ಹುಡುಗ ಗೂಂಡಾ, ರಾಷ್ಟ್ರೀಯ ಹಬ್ಬಕ್ಕೆ ಹಾಡು ಇಳಿಸಿ ಮಕ್ಕಳನ್ನು ಕುಣಿಸಿದ ಮಾಸ್ತರು ಗೂಂಡಾ, ದಿನಾ ನಸುಕಿನಲ್ಲಿ ಬಳಗದ ಗ್ರೂಪಿಗೆ ಭಕ್ತಿಗೀತೆ ಕಳಿಸುವ ನಮ್ಮ ಸೋದರತ್ತಿ ಗೂಂಡಾಗಳ ಮುಖಂಡೆ. ಆಕೆಯನ್ನು ಹಿಡಿಯಲು ಬರುವ ಪೊಲೀಸನ ಫೋನೂ ಅದೇ ಅಂಗಡಿಯಲ್ಲಿ ತುಂಬಿಸಿದ್ದು. ಹಾಗಾಗಿ ಯಾರೂ ಯಾರನ್ನೂ ಹಿಡಿಯಲಿಲ್ಲ.

ಇನ್ನೊಬ್ಬರ ವಿಷಯ ಹೇಳಲೇಬೇಕು. ಶರಣ ಸಾಹಿತ್ಯದಲ್ಲಿ ಮುಳುಗೆದ್ದ ಹಿರಿಯರು. ಕೂಡಲಸಂಗಮ ನಮ್ಮ ಪಕ್ಕದ ಹುನಗುಂದ ಸೀಮೆಯಲ್ಲೇ ಇದೆ, ವರ್ಷಕ್ಕೆ ಒಮ್ಮೆಯಾದರೂ ಹೋಗಿ ಬರುತ್ತಾರೆ. ಅವರ ರಿಂಗ್‌ಟೋನು ಬಸವಣ್ಣನವರ ಆ ಪ್ರಸಿದ್ಧ ವಚನ, ಏನೇನು ಮಾಡಬಾರದು ಎಂದು ಸಾಲಾಗಿ ಹೇಳುತ್ತದಲ್ಲ, ಅದು. ಪಟ್ಟಿಯಲ್ಲಿ ಮೊದಲನೆಯದೇ ಕದಿಯಬಾರದು ಎಂಬುದು. ಆ ರಿಂಗ್‌ಟೋನು ಇಳಿದದ್ದು ಒಂದು ಕಳ್ಳ ವೆಬ್‌ಸೈಟಿನಿಂದ; ಅದಕ್ಕೆ ಸಾಕ್ಷಿಯಾಗಿ ವಚನ ಮುಗಿದ ಕೂಡಲೇ ಹೆಣ್ಣುದನಿಯೊಂದು ಆ ಸೈಟಿನ ಹೆಸರು ಹೇಳುತ್ತದೆ. “ಇದು ಕದ್ದದ್ದಲ್ಲೇನ್ರಿ ಯಜಮಾನ್ರ?” ಎಂದರೆ ಅವರಿಗೆ ಬೇಜಾರಾಯಿತು. “ವಚನಕ್ಕ ರೊಕ್ಕ ತಗೊಳ್ಳೂದ ತಪ್ಪು ನೋಡ್ರಿ. ಇದು ದಾಸೋಹ” ಅಂದರು. ದಾಸೋಹವೆಂದರೆ ನಮ್ಮ ದುಡಿಮೆಯಲ್ಲಿ ಇನ್ನೊಬ್ಬರಿಗೆ ಕೊಡುವುದು ಎಂದು ಓದಿದ ನೆನಪು. ಇನ್ನೊಬ್ಬರ ದುಡಿಮೆಯನ್ನು ಮತ್ತೊಬ್ಬರಿಗೆ ಕೊಡುವುದೂ ದಾಸೋಹವೇ ಆದರೆ ನಮ್ಮಷ್ಟು ದೊಡ್ಡ ದಾಸೋಹಿಗಳು ಹನ್ನೆರಡನೇ ಶತಮಾನದಲ್ಲೂ ಇರಲಿಲ್ಲ.

ಹಾಗಂತ ಕಾನೂನಿನ ದಾರಿಯಲ್ಲಿ ಹಾಡು ಮಾರುವವರು ಬರಲೇ ಇಲ್ಲವೇ ಎಂದರೆ, ಬಂದರು. ಅಮೆರಿಕದಲ್ಲಿ 1999ರಲ್ಲಿ ನ್ಯಾಪ್‌ಸ್ಟರ್ ಎಂಬುದು ಹುಟ್ಟಿ ಹಾಡುಗಳನ್ನು ಊರಿಗೆಲ್ಲ ಹಂಚಿತು, 2001ರಲ್ಲಿ ಕೋರ್ಟು ಅದರ ಬಾಗಿಲು ಮುಚ್ಚಿಸಿತು. 2003ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಹಾಡಿಗೆ 99 ಸೆಂಟ್‌ನಂತೆ ಐಟ್ಯೂನ್ಸ್ ಅಂಗಡಿ ತೆಗೆದಾಗ ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಮಾರಿಹೋದವು. ಇತ್ತ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಹೆಸರಿನಲ್ಲಿ ಎಂಪಿತ್ರೀ ಹಾಡಿನ ಅಂಗಡಿ ತೆಗೆಯಿತು. ಹಾಡಿಗೆ ಆರು ರೂಪಾಯಿಯಿಂದ ಶುರು. ಅದೇ ವರ್ಷ ಡಿಸೆಂಬರ್‌ನಲ್ಲಿ ಐಟ್ಯೂನ್ಸ್ ಭಾರತಕ್ಕೆ ಬಂತು. ಏಳು, ಹನ್ನೆರಡು, ಹದಿನೈದು ರೂಪಾಯಿಯ ದರಪಟ್ಟಿ. ನಡುವೆ ಮಾರ್ಚಿನಲ್ಲಿ ಕೋಲ್ಕತ್ತಾ ಹೈಕೋರ್ಟು ನೂರಾನಾಲ್ಕು ಕಳ್ಳ ಸೈಟುಗಳನ್ನು ಮುಚ್ಚಿಸಲು ಆದೇಶ ಕೊಟ್ಟಿತು. ಅಂದರೆ ಅಂಗಡಿ ತೆರೆದಿತ್ತು, ಮಾಲು ಇತ್ತು, ದರ ಒಂದು ಪ್ಲೇಟು ಮಿರ್ಚಿಗಿಂತ ಕಡಿಮೆ ಇತ್ತು, ಎದುರಿಗಿದ್ದ ಕಳ್ಳರ ಬಾಗಿಲಿಗೆ ಕೋರ್ಟಿನ ಬೀಗ ಬಿದ್ದಿತ್ತು. ಗಿರಾಕಿ?

2013ರ ಜೂನ್ 17ಕ್ಕೆ ಫ್ಲೈಟ್ ಬಾಗಿಲು ಹಾಕಿತು. ಕೊಂಡವರು ಇಷ್ಟು ದಿನದೊಳಗೆ ತಮ್ಮ ಹಾಡುಗಳನ್ನು ಇಳಿಸಿಕೊಳ್ಳಿ ಎಂದು ನೋಟೀಸು ಹಚ್ಚಿ ಹೋಯಿತು. ಹುಟ್ಟಿ ವರ್ಷದ ಮೇಲೆ ಕೆಲವೇ ತಿಂಗಳು. ಕಂಪನಿ ಹೇಳಿದ ಕಾರಣ ಎರಡು: ಒಂದು, ಹಾಡುಗಳ್ಳತನ. ಎರಡು, ಆರು ಹತ್ತು ರೂಪಾಯಿಯಂಥ ಚಿಲ್ಲರೆ ಹಣವನ್ನು ಆನ್‌ಲೈನಿನಲ್ಲಿ ಕೊಡುವ ಸಲೀಸು ದಾರಿ ಇಲ್ಲದ್ದು.

ಎರಡನೆಯ ಕಾರಣ ಆಗ ನಿಜವೇ. ಆರು ರೂಪಾಯಿಯ ಹಾಡಿಗೆ ಕಾರ್ಡಿನ ಹದಿನಾರು ಅಂಕಿ, ಹಿಂದಿನ ಮೂರು ಅಂಕಿ, ಪಾಸ್‌ವರ್ಡು, ಓಟಿಪಿ. ಓಟಿಪಿ ಬರುವಷ್ಟರಲ್ಲಿ ಕರೆಂಟು ಹೋಗಿ, ಕರೆಂಟು ಬರುವಷ್ಟರಲ್ಲಿ ಹಾಡು ಹಳೆಯದಾಗಿರುತ್ತಿತ್ತು. ಆ ನೆಪ ಈಗ ಸತ್ತಿದೆ. 2016ರಲ್ಲಿ ಯುಪಿಐ ಬಂತು. ಇವತ್ತು ವಿದ್ಯಾಗಿರಿಯಲ್ಲಿ ಹತ್ತು ರೂಪಾಯಿಯ ಚಹಾ, ಗಿರ್ಮಿಟ್ಟು, ಎಲೆಅಡಿಕೆ, ಸೈಕಲ್ಲಿನ ಗಾಳಿ ಎಲ್ಲಕ್ಕೂ ಫೋನು ತಿರುವಿದರೆ ಸಾಕು. ಬಂಡಿಯ ಮೇಲಿನ ಡಬ್ಬಿ ಕೂಡಲೇ “ಹತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಕೂಗುತ್ತದೆ. ಹಾಗೆ ಕೂಗುವುದಕ್ಕೆ ಬಂಡಿಯವನು ಆ ಡಬ್ಬಿಗೆ ತಿಂಗಳ ಬಾಡಿಗೆ ಕಟ್ಟುತ್ತಾನೆ. ವಿದ್ಯಾಗಿರಿಯಲ್ಲಿ ತಪ್ಪದೆ ಚಂದಾ ಕೊಟ್ಟು ಜನ ಕೇಳುತ್ತಿರುವ ಧ್ವನಿ ಸದ್ಯಕ್ಕೆ ಇದೊಂದೇ. ರಾಗವಿಲ್ಲ, ತಾಳವಿಲ್ಲ, ಸಾಹಿತ್ಯ ಒಂದೇ ಸಾಲಿನದು. ಆದರೂ ಇಷ್ಟು ಮಧುರವಾದ ಹಾಡು ಬೇರೊಂದಿಲ್ಲ ಎಂದು ಬಂಡಿಯವನ ಅಭಿಪ್ರಾಯ.

ಗಾಯಕರಿಗೂ ಹಾಗೊಂದು ಡಬ್ಬಿ ಕೊಟ್ಟಿದ್ದರೆ ಅದು ದಿನಗಟ್ಟಲೆ ಮೌನ ಧರಿಸಿರುತ್ತಿತ್ತು.

ಹಾಗಾದರೆ ನಮ್ಮವರು ಯಾವತ್ತೂ ಹಾಡಿಗೆ ನ್ಯಾಯವಾದ ದಾರಿಯಲ್ಲಿ ಕೊಟ್ಟದ್ದೇ ಇಲ್ಲವೇ? ಧಾರಾಳವಾಗಿ ಕೊಟ್ಟಿದ್ದಾರೆ. ಕಾಲರ್ ಟ್ಯೂನ್ ನೆನಪಿದೆಯೇ? ತಿಂಗಳಿಗೆ ಮೂವತ್ತು ರೂಪಾಯಿ ಬಾಡಿಗೆ, ಹಾಡಿಗೆ ಹದಿನೈದು. ಆ ಹಾಡನ್ನು ದುಡ್ಡು ಕೊಟ್ಟವನು ಕೇಳುವ ಹಾಗಿಲ್ಲ. ಅವನಿಗೆ ಫೋನು ಮಾಡಿದ ಸಾಲಗಾರ, ಮಾವ, ಮುಕಾದಮ ಕೇಳಬೇಕು. ಹಾಡಿನ ಪೂರ್ತಿ ಫೈಲು ಆರು ರೂಪಾಯಿಗೆ ಸಾಯುವತನಕ ನಿಮ್ಮದು ಎಂದಾಗ ಮೂಗು ಮುರಿದ ಮಂದಿ, ಅದೇ ಹಾಡಿನ ಅರ್ಧ ನಿಮಿಷದ ತುಣುಕನ್ನು ಇನ್ನೊಬ್ಬರ ಕಿವಿಗೆ ಬಿಡಲು ವರ್ಷಕ್ಕೆ ಮುನ್ನೂರರವತ್ತು ಕೊಟ್ಟರು. ದೇಶದ ಡಿಜಿಟಲ್ ಸಂಗೀತದ ಆದಾಯ ಬಹುಕಾಲ ನಿಂತದ್ದೇ ಈ ಕಾಲರ್ ಟ್ಯೂನಿನ ಮೇಲೆ. ಅದರಲ್ಲಿ ಎಷ್ಟೋ ಮಂದಿಗೆ ತಾವು ಕೊಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಗುಂಡಿ ಒತ್ತಿದ್ದು ಯಾರೋ, ರೊಕ್ಕ ಹೋದದ್ದು ಯಾರದೋ. 2011ರಲ್ಲಿ ದೂರಸಂಪರ್ಕ ನಿಯಂತ್ರಿಸುವ ಟ್ರಾಯ್ ಎರಡೆರಡು ಸಲ ಗಿರಾಕಿಯ ಒಪ್ಪಿಗೆ ಕೇಳಿಯೇ ಹಾಕಿ ಎಂದು ಕಟ್ಟಪ್ಪಣೆ ಮಾಡಿದ ಮೇಲೆ ಸಂಗೀತಪ್ರೇಮ ದಿಢೀರನೆ ಇಳಿದುಬಿಟ್ಟಿತು. ಆಮೇಲೆ 2016ರಲ್ಲಿ ಜಿಯೋ ಬಂದು ಎಲ್ಲವನ್ನೂ ಪುಕ್ಕಟೆ ಮಾಡಿತು. 2020ರಲ್ಲಿ ಕೊರೊನಾ ಬಂದಾಗ ಸರಕಾರವೇ ಎಲ್ಲರ ಫೋನಿಗೂ ಕೆಮ್ಮು ಹಾಕಿಕೊಟ್ಟಿತು. ಆ ಕೆಮ್ಮನ್ನು ತೆಗೆಸಲು ರೊಕ್ಕ ಕೇಳಿದ್ದರೆ ಜನ ಕೊಡುತ್ತಿದ್ದರು, ಯಾರೂ ಕೇಳಲಿಲ್ಲ.

ಕಾಲರ್ ಟ್ಯೂನು, ಟ್ರ್ಯಾಕ್ಟರಿನ ಬಾಕ್ಸು, ಮದುವೆ ಮೆರವಣಿಗೆಯ ಡಿಜೆ, ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಗಿರಾಕಿಯ ಮನಸ್ಸು ತಿಳಿಯುತ್ತದೆ. ತಾನು ಕೇಳುವುದಕ್ಕೆ ಅವನು ನಯಾಪೈಸೆ ಬಿಚ್ಚುವುದಿಲ್ಲ. ಊರಿಗೆ ಕೇಳಿಸುವುದಕ್ಕೆ ಹೊಲ ಒತ್ತೆ ಇಡುತ್ತಾನೆ. (ಮದುವೆ ಮೆರವಣಿಗೆಯಲ್ಲಿ ಹಾಡು ಹಾಕುವುದಕ್ಕೆ ಕಾಪಿರೈಟ್ ಕಾಯ್ದೆಯೇ ಮಾಫಿ ಕೊಟ್ಟಿದೆ. ಕಾಯ್ದೆ ಬರೆದವರೂ ನಮ್ಮಂಥವರ ಬೀಗರೇ ತಾನೆ.)

ಬನಶಂಕರಿ ಜಾತ್ರೆಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಬಾದಾಮಿಯ ಆ ಬಯಲಿನಲ್ಲಿ ನಾಟಕ ಕಂಪನಿಗಳು ಹೆಚ್ಚುಕಡಿಮೆ ಒಂದು ತಿಂಗಳು ಠಿಕಾಣಿ ಹಾಕುತ್ತವೆ. ನಮ್ಮ ಹುನಗುಂದ ಸೀಮೆಯ ಕಂದಗಲ್ ಹನುಮಂತರಾಯರು ಬರೆದ ಪೌರಾಣಿಕ ನಾಟಕಗಳಿಗೆ ಬೆಳ್ಳಬೆಳಗ ಕೂತವರ ಮೊಮ್ಮಕ್ಕಳು ಈಗ ಎರಡರ್ಥದ ಹೆಸರಿನ ನಾಟಕಕ್ಕೆ ಟಿಕೀಟು ತೆಗೆಸಿ, ಕುರ್ಚಿ ಸಿಗದೆ ತಗಡಿಗೆ ಒರಗಿ ನಿಂತು ನೋಡುತ್ತಾರೆ. ಟಿಕೀಟು ಯಾಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಾಡು ಬಂದಾಗ ಹಿಂದಿನಿಂದ “ವನ್ಸ್ ಮೋರ್!” ಎಂಬ ಕೂಗು ಏಳುತ್ತದೆ. ನೋಡಿ, ಒಂದೇ ಟಿಕೀಟಿನಲ್ಲಿ ಎರಡು ಸಲ ಹಾಡು. ಕಾಪಿ ಮಾಡಿಕೊಳ್ಳುವ ವಿದ್ಯೆ ಕಂಪ್ಯೂಟರಿನಿಂದ ಬಂದದ್ದು ಎಂದು ತಿಳಿದವರು ನಾಟಕದ ಥೇಟರಿನ ಹಿಂದಿನ ಸಾಲಿನಲ್ಲಿ ಕೂತವರಲ್ಲ.

ಹಾಡಿ ಮುಗಿದ ಮೇಲೆ ನಡೆಯುವುದು ಇನ್ನೂ ಮುಖ್ಯ. ಒಬ್ಬರು ಎದ್ದು ಸ್ಟೇಜಿಗೆ ಹೋಗುತ್ತಾರೆ. ನೂರರ ನೋಟಿಗೆ ಒಂದು ರೂಪಾಯಿ ನಾಣ್ಯ ಸೇರಿಸಿ ಕಲಾವಿದೆಯ ಕೈಗೆ ಕೊಡುತ್ತಾರೆ. ಕೆಳಗಿಳಿಯುವುದಿಲ್ಲ, ಮೈಕಿನ ಹತ್ತಿರ ನಿಲ್ಲುತ್ತಾರೆ. ಮೈಕಿನಲ್ಲಿ ಅವರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಊರು, ಹಿಂದಿನ ಅವಧಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರಾಗಿದ್ದದ್ದು ಎಲ್ಲ ಹೊರಬಿದ್ದು ಚಪ್ಪಾಳೆಯಾದ ಮೇಲೆ ಇಳಿಯುತ್ತಾರೆ. ಅವರು ಇಳಿಯುವ ಮೊದಲೇ ಅವರ ಎದುರು ಪಾರ್ಟಿಯವರು ಇನ್ನೂರಾ ಒಂದು ಹಿಡಿದು ಹತ್ತುತ್ತಿರುತ್ತಾರೆ. ಗೀಗೀ ಮೇಳವಿರಲಿ, ಡೊಳ್ಳಿನ ಹಾಡಿರಲಿ, ಹರದೇಶಿ ನಾಗೇಶಿಯ ಜಿದ್ದಿರಲಿ, ಹೀಗೆ ಹೆಸರು ಕೂಗಿಸಿ ಕೊಡುವ ಆಯೇರಿ ಇಲ್ಲದೆ ಬೆಳಗಾಗುವುದಿಲ್ಲ. 2007ರಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ಎಂಬ ತಂಡ ತನ್ನ ಹೊಸ ಹಾಡುಗಳನ್ನು ಇಂಟರ್‌ನೆಟ್ಟಿಗೆ ಬಿಟ್ಟು, ಮನಸ್ಸಿಗೆ ಬಂದಷ್ಟು ಕೊಟ್ಟು ಇಳಿಸಿಕೊಳ್ಳಿ ಎಂದಿತು. ಜಗತ್ತೆಲ್ಲ ಹೊಸ ಅವತಾರವೆಂದು ಬೆರಗಾಯಿತು. ನಮ್ಮ ಗೀಗೀ ಮೇಳದವರು ಅದನ್ನು ಮುತ್ತಜ್ಜನ ಕಾಲದಿಂದ ಮಾಡುತ್ತಿದ್ದಾರೆ. ರೇಡಿಯೋಹೆಡ್‌ನವರು ಮೈಕಿನಲ್ಲಿ ಹೆಸರು ಹೇಳುವುದನ್ನು ಮರೆತರು, ಅದಕ್ಕೇ ಬಹಳ ಮಂದಿ ಸೊನ್ನೆ ಕೊಟ್ಟು ಇಳಿಸಿಕೊಂಡರು.

ಇಳಕಲ್ಲಿನ ಕಥೆ ಬೇರೆ ಥರದ್ದು. ಅಲ್ಲಿಯ ಸೀರೆಗೆ ಭೌಗೋಳಿಕ ಗುರುತಿನ ಪಟ್ಟಿ ಸಿಕ್ಕಿದೆ. ಕೈಮಗ್ಗದಲ್ಲಿ ತೋಪುತೆನೆಯ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸುವ ಕೆಲಸ ಅದು. ಪವರ್‌ಲೂಮಿನವರು ಅದೇ ವಿನ್ಯಾಸವನ್ನು ಅಗ್ಗದ ನೂಲಿನಲ್ಲಿ ಇಳಿಸಿ, ‘ಇಳಕಲ್ ಸೀರೆ’ ಎಂದೇ ಮಾರುತ್ತಾರೆ. ನೇಕಾರ ಹೊಟ್ಟೆ ಉರಿದುಕೊಂಡು, “ನಮ್ಮ ಡಿಜೈನ್ ಕದ್ದ ಬದುಕ್ತಾರ್ರೀ, ಕೈಗೆ ಕಿಮ್ಮತ್ತ ಇಲ್ಲದಂಗ ಆಗೇತಿ” ಎನ್ನುತ್ತಾನೆ. ನೂರಕ್ಕೆ ನೂರು ಖರೆ. ಹೇಳುತ್ತಿರುವಾಗ ಅವನ ಮಗ್ಗದ ಗೂಟಕ್ಕೆ ನೇತುಹಾಕಿದ ಮೊಬೈಲಿನಲ್ಲಿ ಯಾರೋ ಹಾಡಿದ ಹಾಡು, ಯಾರದೋ ಚಾನೆಲ್ಲಿನ ಹೆಸರು ಹೊತ್ತು ನಡೆಯುತ್ತಿರುತ್ತದೆ. ಸೀರೆಯ ಕಾಪಿ ಕಳ್ಳತನ, ಹಾಡಿನ ಕಾಪಿ ಕಾಲಕ್ಷೇಪ. ಹಾಡಿದವನು ಇಳಕಲ್ಲಿಗೆ ಬಂದು ಹೆಂಡತಿಗೆಂದು ಕೊಂಡುಹೋಗಿದ್ದೂ ಪವರ್‌ಲೂಮಿನ ಸೀರೆಯೇ ಇರಬೇಕು. ಹಾಗಾಗಿ ಇಬ್ಬರ ಲೆಕ್ಕ ಸರಿಹೋಯಿತು.

ಇಷ್ಟೆಲ್ಲ ಬೈದ ಮೇಲೆ ಕಂಪನಿಗಳ ಕಡೆಗೂ ಒಂದು ಕಣ್ಣು ಹಾಯಿಸದಿದ್ದರೆ ನ್ಯಾಯವಲ್ಲ. ಕೊಳ್ಳುವವನ ಪಾಪ ಐವತ್ತು ರೂ­ಪಾಯಿಯದು, ಮಾರುವವರ ಪಾಪಕ್ಕೆ ಖಾತೆ ಪುಸ್ತಕವೇ ಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಜನ ಕೊಂಡರಲ್ಲ! 1987ರ ‘ಪ್ರೇಮಲೋಕ’ದ ಕ್ಯಾಸೆಟ್ಟು ಮನೆಮನೆಗೆ ಹೋಯಿತು, ಲಹರಿ ಕಂಪನಿಯನ್ನು ಎತ್ತಿ ನಿಲ್ಲಿಸಿತು. ಗುರುರಾಜ ಹೊಸಕೋಟಿಯವರ ಜನಪದ ಕ್ಯಾಸೆಟ್ಟು ಇಲ್ಲದ ಟೆಂಪೊ ನಮ್ಮ ಕಡೆ ಓಡುತ್ತಿರಲಿಲ್ಲ. (ಖಾಲಿ ಕ್ಯಾಸೆಟ್ಟು, ಹಾಡಿನ ಚೀಟಿ ಕೊಟ್ಟು ‘ತುಂಬಿಸಿಕೊಳ್ಳುವ’ ಚಟ ಆಗಲೂ ಇತ್ತು, ಅದನ್ನು ಬಚ್ಚಿಡುವುದಿಲ್ಲ.) ಆ ಹಣ ಎಲ್ಲಿಗೆ ಹೋಯಿತು? ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಒಮ್ಮೆ ಕೈಗಿಷ್ಟು ಕೊಟ್ಟು, ಸಕಲ ಹಕ್ಕನ್ನೂ ಬರೆಸಿಕೊಂಡು ಕಳಿಸುವುದೇ ರೂಢಿ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಕೂತು ಗಟ್ಟಿಯಾಗಿ ಕೂಗಿದ ಮೇಲೆ, ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಬರೆದವರ ರಾಯಧನವನ್ನು ಯಾರೂ ಬರೆಸಿಕೊಳ್ಳುವಂತಿಲ್ಲ ಎಂದಾಯಿತು. ಅಲ್ಲಿಯ ತನಕ ಕಳ್ಳತನದಿಂದ ಕಲಾವಿದ ಉಪವಾಸ ಬಿದ್ದಿದ್ದಾನೆ ಎಂದು ಕಣ್ಣೀರು ಸುರಿಸಿದ ಕಂಪನಿಗಳ ಊಟದಲ್ಲಿ ಕಲಾವಿದನ ಎಲೆಯೇ ಇರಲಿಲ್ಲ. ಇನ್ನು ಇವತ್ತು ದೇಶದ ಅತಿ ದೊಡ್ಡ ಸಂಗೀತ ಕಂಪನಿಯಾಗಿರುವ ಟಿ-ಸೀರೀಸ್ ಮೊದಮೊದಲು ಬೆಳೆದದ್ದು, ಪ್ರಸಿದ್ಧ ಗಾಯಕರ ಹಳೆಯ ಹಾಡುಗಳನ್ನು ಹೊಸ ಕಂಠಗಳಿಂದ ಹಾಡಿಸಿ, ಕಾಪಿರೈಟ್ ಕಾಯ್ದೆಯ ಒಂದು ಕಿಂಡಿಯಲ್ಲಿ ನುಸುಳಿಸಿ, ಅಗ್ಗಕ್ಕೆ ಮಾರಿದ ಕ್ಯಾಸೆಟ್ಟಿನಿಂದ. ಕಿಂಡಿಯಲ್ಲಿ ಬಂದವರು ಒಳಗೆ ಸೇರಿದ ಮೇಲೆ ಕಿಂಡಿ ಮುಚ್ಚಿ ಎಂದು ಕೂಗುವುದು ಲೋಕರೂಢಿ.

ಸರಿ, ಪ್ರಾಮಾಣಿಕನಾಗೋಣ ಎಂದು ಒಬ್ಬ ಹೊರಟ ಎನ್ನಿ. ಫ್ಲೈಟಿನಲ್ಲಿ ಕೊಂಡ, ಅಂಗಡಿ ಮುಚ್ಚಿತು. ಏರ್‌ಟೆಲ್ಲಿನ ವಿಂಕ್‌ನಲ್ಲಿ ವರ್ಷಗಟ್ಟಲೆ ಕೂತು ಹಾಡಿನ ಪಟ್ಟಿ ಮಾಡಿಟ್ಟ, 2024ರಲ್ಲಿ ಅದೂ ಮುಚ್ಚಿತು. ಪುಕ್ಕಟೆ ಇದ್ದ ಗಾನಾ 2022ರಲ್ಲಿ ಇದ್ದಕ್ಕಿದ್ದಂತೆ ಚಂದಾ ಕೊಟ್ಟರಷ್ಟೇ ಎಂದಿತು. ಚಂದಾ ಕಟ್ಟುವ ಆ್ಯಪುಗಳಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿ ಇರುತ್ತದೆ, ಒತ್ತಿದರೆ ಹಾಡು ಇಳಿಯುತ್ತದೆ, ಮುಂದಿನ ತಿಂಗಳ ಚಂದಾ ತಪ್ಪಿದರೆ ಅದೇ ಹಾಡು ಏರಿ ಹೋಗುತ್ತದೆ. ಅತ್ತ ಮೆಮರಿ ಕಾರ್ಡು ತುಂಬಿಸಿಕೊಂಡವನ ಹಾಡುಗಳು ಇವತ್ತಿಗೂ ಇವೆ, ‘ಮಿಕ್ಸ್’ ಸಮೇತ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ದೇಶದಲ್ಲಿ ಕೋಟಿಗಟ್ಟಲೆ ಜನ ಆ್ಯಪುಗಳಲ್ಲಿ ಹಾಡು ಕೇಳುತ್ತಾರೆ. ಕೊಡುವವರು ನೂರರಲ್ಲಿ ಹತ್ತು ಮಂದಿಯೂ ಇಲ್ಲ. ಉಳಿದವರು ಜಾಹೀರಾತು ನುಂಗಿಕೊಳ್ಳುತ್ತಾರೆ. ತತ್ವಪದದಲ್ಲಿ ಸಂಸಾರ ಮಿಥ್ಯೆ ಎಂಬ ಸಾಲು ಮುಗಿಯುವ ಮೊದಲೇ ಗೃಹಸಾಲದವನು ನುಗ್ಗುತ್ತಾನೆ. ಮೊನ್ನೆಮೊನ್ನೆಯ ತನಕ ರಮ್ಮಿಯವನೂ ನುಗ್ಗುತ್ತಿದ್ದ. ಇವರನ್ನು ಹೊರಗೆ ಹಾಕಲು ಯೂಟ್ಯೂಬು ತಿಂಗಳ ಚಂದಾ ಕೇಳುತ್ತದೆ. ಅಂದರೆ ಈಗ ರೊಕ್ಕ ಹಾಡಿಗಲ್ಲ, ನಡುವಿನ ಮೌನಕ್ಕೆ.

ಪುಕ್ಕಟೆಯ ಮಾತು ಬಂದದ್ದರಿಂದ ಬೀಳಗಿಯ ಅಮೀರ್‌ಬಾಯಿಯನ್ನು ಬಿಡಲಾಗದು. ನಮ್ಮ ಜಿಲ್ಲೆಯ ಹೆಣ್ಣುಮಗಳು, ಮುಂಬಯಿಗೆ ಹೋಗಿ ‘ಕರ್ನಾಟಕಿ’ ಎಂಬುದನ್ನೇ ಹೆಸರು ಮಾಡಿಕೊಂಡಳು. 1943ರ ‘ಕಿಸ್ಮತ್’ ಚಿತ್ರದಲ್ಲಿ ಆಕೆ ಹಾಡಿದ್ದನ್ನು ದೇಶವೇ ಕೇಳಿತು. ಆ ಚಿತ್ರ ಕಲ್ಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಓಡಿತು. ಆಕೆ 1965ರಲ್ಲಿ ತೀರಿಕೊಂಡಳು. ಕಾನೂನಿನಂತೆ ಧ್ವನಿಮುದ್ರಿಕೆಯ ಮೇಲಿನ ಹಕ್ಕು ಅರವತ್ತು ವರ್ಷಕ್ಕೆ ಮುಗಿಯುತ್ತದೆ. ಬರೆದವರ, ರಾಗ ಹಾಕಿದವರ ಹಕ್ಕಿನ ಲೆಕ್ಕ ಬೇರೆ. ಅಂತೂ ಆ ಹಳೆಯ ತಟ್ಟೆಗಳ ಧ್ವನಿಗೆ ಈಗ ಯಾವ ಕಂಪನಿಯೂ ಮಾಲೀಕನಲ್ಲ. ಕದಿಯುವ ಅಗತ್ಯವೇ ಇಲ್ಲದ ಕಂಠ. ಬಹುಶಃ ಅದಕ್ಕೇ ವಿದ್ಯಾಗಿರಿಯ ಯಾವ ಪೆನ್ ಡ್ರೈವಿನಲ್ಲೂ ಅದು ಕಾಣುವುದಿಲ್ಲ. ಕದ್ದರೇ ರುಚಿ.

ಈ ಎಲ್ಲ ತಕರಾರಿನಿಂದ ಆರಾಮಾಗಿ ಹೊರಗಿರುವವರು ನಮ್ಮ ಇವತ್ತಿನ ಜನಪದ ಹಾಡುಗಾರರು. ಡೌನ್‌ಲೋಡಿಗೆ ಯಾರೂ ಕೊಡುವುದಿಲ್ಲ ಎಂಬುದನ್ನು ಅವರು ಯಾವ ಸಮೀಕ್ಷೆಯನ್ನೂ ಓದದೆ ತಿಳಿದುಕೊಂಡರು. ಸಣ್ಣ ಸ್ಟುಡಿಯೋದಲ್ಲಿ ಹಾಡುತ್ತಾರೆ, ರಾತ್ರಿಯೇ ಯೂಟ್ಯೂಬಿಗೆ ಬಿಡುತ್ತಾರೆ, ಹಾಡಿನ ನಡುವೆ ತಮ್ಮ ಹೆಸರು, ಬರೆದವನ ಹೆಸರು, ಊರಿನ ಹೆಸರನ್ನು ಪ್ರಾಸಕ್ಕೆ ಕೂಡಿಸಿಯೇ ಹಾಡುತ್ತಾರೆ. ಕದಿಯುವವನು ಹೆಸರು ಕತ್ತರಿಸಿದರೆ ಹಾಡೇ ತುಂಡಾಗುತ್ತದೆ. ಎಷ್ಟು ಟ್ರ್ಯಾಕ್ಟರಿನಲ್ಲಿ ಹಾಡು ಪುಕ್ಕಟೆ ಮೊಳಗುತ್ತದೋ ಅಷ್ಟು ಊರಿನ ಜಾತ್ರೆಗೆ ಕರೆ ಬರುತ್ತದೆ. ಜಾತ್ರೆ ಕಮಿಟಿಯವರು ಅಡ್ವಾನ್ಸು ಹಿಡಿದು ಮನೆಗೇ ಬರುತ್ತಾರೆ. ಸ್ಟೇಜಿನ ಮೇಲೆ ಆಯೇರಿ ಬೇರೆ.

ಆದ್ದರಿಂದ ಆನ್‌ಲೈನಿನಲ್ಲಿ ಹಾಡು ಮಾರಬೇಕೆನ್ನುವ ಕಂಪನಿಗಳಿಗೆ ನನ್ನದೊಂದು ಪುಕ್ಕಟೆ ಸಲಹೆ. ದರ ಇಳಿಸಬೇಡಿ, ಏರಿಸಿ. ಹನ್ನೆರಡು ರೂಪಾಯಿ ಎಂದರೆ ಯಾರಿಗೂ ಮರ್ಯಾದೆಯಲ್ಲ, ನೂರಾ ಒಂದು ಮಾಡಿ. ಕೊಂಡ ಕೂಡಲೇ ಗಿರಾಕಿಯ ಫೋನಿನಲ್ಲಿರುವ ಎಲ್ಲ ನಂಬರಿಗೂ ಒಂದು ಧ್ವನಿ ಹೋಗಲಿ: “ವಿದ್ಯಾಗಿರಿ ಇಂತಿಷ್ಟನೇ ಕ್ರಾಸಿನ ಶ್ರೀಮಾನ್ ಇಂಥವರಿಂದ ಈ ಹಾಡಿಗೆ ನೂರಾ ಒಂದು ರೂಪಾಯಿ ಪ್ರೀತಿಯ ಆಯೇರಿ!” ಅದೇ ಕ್ರಾಸಿನ ಎದುರುಮನೆಯವನು ಸಂಜೆಯೊಳಗೆ ಇನ್ನೂರಾ ಒಂದಕ್ಕೆ ಕೊಳ್ಳದಿದ್ದರೆ ಕೇಳಿ. ಹಾಡು ಇಬ್ಬರೂ ಕೇಳುವುದಿಲ್ಲ. ಅದು ನಿಮಗೆ ಸಂಬಂಧಪಟ್ಟದ್ದಲ್ಲ.

ಓದುಗರಿಗೂ ಒಂದು ಮಾತು. ಈ ಬರಹವನ್ನು ರೊಕ್ಕ ಕೊಟ್ಟು ಕೊಂಡ ಪತ್ರಿಕೆಯಲ್ಲಿ ಓದುತ್ತಿರುವವರು ಧನ್ಯರು, ನಾನು ಅವರನ್ನು ಒಮ್ಮೆ ಕಣ್ಣಾರೆ ನೋಡಬೇಕು. ಉಳಿದವರು ಬೆಳಿಗ್ಗೆ ಆರಕ್ಕೆ ಗ್ರೂಪಿಗೆ ಬಂದ ಪಿಡಿಎಫ್ಫಿನಲ್ಲಿ ಓದುತ್ತಿದ್ದೀರಿ, ಇನ್ನರ್ಧ ತಾಸಿನಲ್ಲಿ ಬೇರೆ ಗ್ರೂಪಿಗೆ ಕಳಿಸುತ್ತೀರಿ. ಕಳಿಸಿ, ಬೇಡ ಎಂದರೆ ಕೇಳುವವರಲ್ಲ. ಕತ್ತರಿಸುವಾಗ ಮೇಲಿನ ನನ್ನ ಹೆಸರನ್ನು ಮಾತ್ರ ಬಿಟ್ಟು ಕತ್ತರಿಸಿ.